ಛಾವಣಿ ಬಾವಿಯ ಸೋಡಾ ಮುಚ್ಚಳ

ಲಿಂಗಸುಗೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಯಾರೂ ಮಲಗುತ್ತಿರಲಿಲ್ಲ. ಅಲ್ಲಿ ಅಪ್ಪನ ಸೋಡಾ ಮಷೀನು ಇತ್ತು. ಗೋಲಿ ಬಾಟ್ಲಿಗಳನ್ನು ಅದರಲ್ಲಿ ಸಿಕ್ಕಿಸಿ ಅಪ್ಪ ಕೈಯಿಂದ ತಿರುಗಿಸುತ್ತಿದ್ದ. ಗ್ಯಾಸು ಹೆಚ್ಚಾದರೆ ಬಾಟ್ಲಿ ಸಿಡಿಯುತ್ತಿತ್ತು. ಅಪ್ಪನ ಗದ್ದದ ಮೇಲೆ ಅಂಥದೊಂದು ಗಾಯದ ಕಲೆಯಿತ್ತು. ಆ ಕೋಣೆ ದಾಟಿದರೆ ಪಡಸಾಲೆ, ಪಡಸಾಲೆಯ ಹಿಂದೆ ಅಡಿಗೆಮನೆ, ಅಡಿಗೆಮನೆಯ ಮಗ್ಗುಲಿಗೆ ಒಂದೇ ಬೆಳಕಿಂಡಿಯ ಸಣ್ಣ ಕೋಣೆ. ಅದು ಶಂಕ್ರವ್ವ ಅತ್ತೆಯದು. ಅತ್ತೆ ಅಪ್ಪನ ಬೆನ್ನಿಗೆ ಹುಟ್ಟಿದ ತಂಗಿ. ಗಂಡ ಬಸಣ್ಣನೊಂದಿಗೆ ನಮ್ಮ ಮನೆಯಲ್ಲೇ ಇದ್ದಳು, ಯಾಕೆಂದರೆ ಬಸಣ್ಣ ಮಾವನಿಗೆ ತನ್ನವರು ಅಂತ ಯಾರೂ ಇರಲಿಲ್ಲ. ಅಪ್ಪ ಸೋಡಾ ತುಂಬುತ್ತಿದ್ದ, ಮಾವ ಬಂಡಿ ಕಟ್ಟಿಕೊಂಡು ಮಸ್ಕಿ, ಸಿಂಧನೂರಿನ ಸಂತೆಗಳಿಗೆ ಒಯ್ದು ಮಾರುತ್ತಿದ್ದ, ಅತ್ತೆ ಹಿತ್ತಲಿನ ಕಲ್ಲಿನ ಮೇಲೆ ಕುಳಿತು ಖಾಲಿ ಬಾಟ್ಲಿಗಳನ್ನು ಬೂದಿ ಹಾಕಿ ತೊಳೆಯುತ್ತಿದ್ದಳು. ಅವಳ ಬೆರಳುಗಳ ತುದಿಗಳು ಸದಾ ನೀರಲ್ಲಿ ನೆನೆದು ಬಿಳಿಚಿಕೊಂಡಿರುತ್ತಿದ್ದವು. ಆ ಬೆರಳುಗಳಿಂದಲೇ ನನ್ನ ತಲೆ ಬಾಚುತ್ತಿದ್ದಳು, ಸಜ್ಜೆರೊಟ್ಟಿಗೆ ಎಳ್ಳು ಹಚ್ಚುತ್ತಿದ್ದಳು.

ಗೋಲಿ ಸೋಡಾಕ್ಕೆ ಮುಚ್ಚಳ ಇರುವುದಿಲ್ಲ, ಬಾಟ್ಲಿಯ ಕೊರಳಲ್ಲಿರುವ ಗೋಲಿಯೇ ಅದರ ಮುಚ್ಚಳ. ಆದರೆ ಮಾವ ರಾಯಚೂರಿಗೆ ಹೋದಾಗ ಬಣ್ಣದ ಸಿಹಿನೀರಿನ ಬಾಟ್ಲಿಗಳನ್ನೂ ತರುತ್ತಿದ್ದ. ಅವಕ್ಕೆ ಅಂಚು ನೆರಿಗೆ ಹಿಡಿದ ತಗಡಿನ ಮುಚ್ಚಳ, ಮುಚ್ಚಳದ ಒಳಗೆ ಕಾರ್ಕಿನ ದುಂಡನೆಯ ತೆಳು ಬೂಚು. ಮಾವ ಆ ಬೂಚನ್ನು ಹುಷಾರಾಗಿ ಎಬ್ಬಿಸಿ ತೆಗೆದು, ತಗಡನ್ನು ಅಂಗಿಯ ಮೇಲಿಟ್ಟು, ಅಂಗಿಯ ಒಳಗಿನಿಂದ ಬೂಚನ್ನು ಮತ್ತೆ ತಗಡಿಗೆ ಒತ್ತಿಬಿಡುತ್ತಿದ್ದ. ನಡುವೆ ಬಟ್ಟೆ ಸಿಕ್ಕಿಕೊಂಡು ಮುಚ್ಚಳ ಎದೆಯ ಮೇಲೆ ಬಿಲ್ಲೆಯ ಹಾಗೆ ನಿಲ್ಲುತ್ತಿತ್ತು. ಕಚೇರಿಯ ಚಪರಾಸಿಗಳ ಹಾಗೆ ಎದೆ ಸೆಟೆಸಿ ಓಣಿಯಲ್ಲಿ ನಡೆಯುತ್ತಿದ್ದ. ನಾವು ಮಕ್ಕಳು ಹಿಂದೆ ಬೀಳುತ್ತಿದ್ದೆವು. ನನಗೆ ಮುಚ್ಚಳ ಕೂಡಿಡುವ ಹುಚ್ಚು ಹತ್ತಿದ್ದು ಅವನಿಂದ. ಊರ ಹೊರಗೆ ಹಿಂದಿನ ಕಾಲದಲ್ಲಿ ಇಂಗ್ರೇಜಿ ಪಲ್ಟನ್ನು, ಅಂದರೆ ದಂಡು, ಬೀಡುಬಿಟ್ಟಿದ್ದ ಛಾವಣಿಯಿತ್ತು. ಪಲ್ಟನ್ನು ಎದ್ದುಹೋಗಿ ಎಷ್ಟೋ ಕಾಲವಾಗಿ ಬಂಗಲೆಗಳ ಮಾಡು ಬಿದ್ದಿತ್ತು, ಗೋಡೆಗಳ ಒಳಗೆ ಜಾಲಿ ಬೆಳೆದಿತ್ತು. ದೊರೆಗಳು ಕುಡಿದು ಎಸೆದ ಬಾಟ್ಲಿಗಳ ಮುಚ್ಚಳಗಳು ಅಲ್ಲಿ ಮಣ್ಣು ಕೆದರಿದರೆ ಸಿಗುತ್ತಿದ್ದವು. ಅವನ್ನೆಲ್ಲ ಒಂದು ತಗಡಿನ ಡಬ್ಬಿಯಲ್ಲಿ ಹಾಕಿಡುತ್ತಿದ್ದೆ.

ಮಾವ ಕೆಟ್ಟ ಮನುಷ್ಯನಲ್ಲ. ಆದರೆ ಸೇಂದಿ ಹೊಟ್ಟೆಗಿಳಿದರೆ ಬೇರೆಯೇ ಆಗುತ್ತಿದ್ದ. ಒಂದು ಅಮಾವಾಸ್ಯೆಯ ದಿನ ದೀಪ ಹಚ್ಚುವ ಹೊತ್ತಿಗೆ ಕುಡಿದು ಬಂದು, ತೊಳೆದಿಟ್ಟ ಬಾಟ್ಲಿಗಳ ಪೆಟ್ಟಿಗೆಯನ್ನು ಒದ್ದು ಕೆಡವಿದ. ತಡೆಯಲು ಬಂದ ಅತ್ತೆಯ ಕಪಾಳಕ್ಕೆ ಹೊಡೆದ. ಅಪ್ಪ ಅವನ ರಟ್ಟೆ ಹಿಡಿದು ಎಳೆದೊಯ್ದು ಬೀದಿಗೆ ಹಾಕಿ, ಕದ ಹಾಕಿ, ಅಗಳಿ ಜಡಿದ. ನಾನು ಆಗ ಬಹಳ ಸಣ್ಣವಳು. ನೆನಪಿರುವುದು ನೆಲದ ತುಂಬ ಹಸಿರು ಗಾಜಿನ ಚೂರು, ಅವ್ವ ನನ್ನನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡದ್ದು, ಅತ್ತೆ ಕೆನ್ನೆ ಹಿಡಿದುಕೊಂಡೇ ಅಂದ ಮಾತು.

"ಅಣ್ಣ, ಕತ್ತಲಾಗೈತಿ. ಅವಗ ಹಾದಿ ಕಾಣಂಗಿಲ್ಲ. ಕದಾ ತಗಿ."

"ನಶಾ ಇಳಿದ ಮ್ಯಾಲ ತಾನ ಬರ್ತಾನ. ಒಳಗ ನಡಿ ನೀ."

ಮಾವ ಬರಲಿಲ್ಲ. ಮರುದಿನ ಬೆಳಗಾಗುವ ಮೊದಲೇ ಅಪ್ಪ ಹುಡುಕಲು ಹೋದ. ಬಿಸಿಲೇರಿದ ಮೇಲೆ ಒಬ್ಬನೇ ಮರಳಿದ. ಬಸಣ್ಣ ಸೊಲ್ಲಾಪುರದ ಮಿಲ್ಲಿಗೆ ಹೋಗುವ ಮಂದಿಯ ಸಂಗಡ ಹೋದನಂತೆ, ಮುದಗಲ್ಲಿನ ಹಾದಿಯಲ್ಲಿ ಯಾರೋ ಕಂಡರಂತೆ ಎಂದ. ಅದೇ ವಾರದಲ್ಲಿ ಓಣಿಯವರಿಗೆಲ್ಲ ಇನ್ನೊಂದು ಮಾತನ್ನೂ ಹೇಳಿದ: ಛಾವಣಿಯ ಹಳೆಯ ಬಾವಿಯಲ್ಲಿ ನಾಯಿ ಸತ್ತು ಬಿದ್ದಿದೆ, ಆ ಕಡೆ ಮಕ್ಕಳನ್ನು ಕಳಿಸಬೇಡಿ. ಆ ಬಾವಿಯ ನೀರನ್ನು ಮೊದಲೂ ಯಾರೂ ಬಳಸುತ್ತಿರಲಿಲ್ಲ. ಪಲ್ಟನ್ನಿನ ಕಾಲದಲ್ಲಿ ಒಬ್ಬ ಸಿಪಾಯಿ ಅಲ್ಲಿ ಬಿದ್ದು ಕಾಣೆಯಾದ ಎಂಬ ಕತೆ ಊರಲ್ಲಿತ್ತು.

ಆಮೇಲಿನ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಅತ್ತೆಗೆ ಎಲ್ಲಿಲ್ಲದ ಉಪಚಾರ ನಡೆಯುತ್ತಿತ್ತು. ಯುಗಾದಿಗೆ ಬಳೆಗಾರ ಬಂದರೆ ಅಪ್ಪ ಅವ್ವನಿಗಿಂತ ಮೊದಲು ತಂಗಿಯ ಕೈ ಮುಂದೆ ಚಾಚಿಸುತ್ತಿದ್ದ. ಪಂಚಮಿಗೆ ಅವಳಿಗೆ ಸೀರೆ ತರುತ್ತಿದ್ದ. ಗೌರಿ ಹುಣ್ಣಿಮೆಯಲ್ಲಿ ಮೊದಲ ಉಡಿ ಅವಳಿಗೇ ತುಂಬಬೇಕು ಎಂದು ಅವ್ವನಿಗೆ ತಾಕೀತು ಮಾಡುತ್ತಿದ್ದ. ಉಂಡು ಕೈ ತೊಳೆಯುವಾಗ, ಯಾರೂ ಕೇಳದಿದ್ದರೂ, "ಸೊಲ್ಲಾಪುರದಾಗ ಈ ವರ್ಷ ಮಿಲ್ಲು ಜೋರು ನಡದಾವಂತ" ಎಂದು ಗೋಡೆಗೆ ಹೇಳಿದ ಹಾಗೆ ಹೇಳುತ್ತಿದ್ದ. ಅತ್ತೆ ಗಂಗಾಳ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಅವಳು ಅಳುವುದನ್ನು ನಾನು ಕಾಣಲಿಲ್ಲ. ಬೆಳಕಿಂಡಿಯ ಕೆಳಗೆ ಕುಳಿತು ಮಾವನ ಎರಡು ಹಳೆಯ ಅಂಗಿಗಳನ್ನು ಹೊಲಿಗೆ ಬಿಚ್ಚಿ ಮತ್ತೆ ಹೊಲಿಯುವುದನ್ನು ಕಂಡಿದ್ದೇನೆ.

ತುರ್ವಿಹಾಳದಲ್ಲಿ ಎಣ್ಣೆಗಾಣ ಇಟ್ಟಿದ್ದ ಸಿದ್ರಾಮಪ್ಪ ಎಂಬುವನಿದ್ದ. ಹೆಂಡತಿ ಸತ್ತಿದ್ದಳು, ಮಕ್ಕಳಿರಲಿಲ್ಲ. ನಮ್ಮ ಜನರಲ್ಲಿ ಗಂಡ ಸತ್ತ ಹೆಣ್ಣುಮಗಳಿಗೆ ಉಡಿಕೆ ಮಾಡುವುದು, ಅಂದರೆ ಸೀರೆ ಉಡಿಸಿ ಇನ್ನೊಂದು ಮನೆಗೆ ಕೊಡುವುದು, ನಡೆದುಬಂದ ರೂಢಿ. ಸಿದ್ರಾಮಪ್ಪ ಒಮ್ಮೆ ಬಂದು ಪಡಸಾಲೆಯಲ್ಲಿ ಕುಳಿತು ಅತ್ತೆಯನ್ನು ತನಗೆ ಕೊಡೆಂದು ಅಪ್ಪನನ್ನು ಕೇಳಿದ. ವರ್ಷ ಬಿಟ್ಟು ಮತ್ತೆ ಬಂದು ಕೇಳಿದ. ಆ ಎರಡನೆಯ ಸಲ ನಾನು ಅಡಿಗೆಮನೆಯಲ್ಲಿ ಅತ್ತೆಯ ಮಗ್ಗುಲಿಗೇ ಇದ್ದೆ.

"ಶರಣಪ್ಪನವರ, ಬಸಣ್ಣ ಹೋಗಿ ಇಷ್ಟು ವರ್ಷ ಆತು. ಒಂದು ಸುದ್ದಿಲ್ಲ, ಸುಳಿವಿಲ್ಲ. ಆ ಹೆಣ್ಣುಮಗಳು ಎಷ್ಟಂತ ಹಿಂಗ ಇರಬೇಕ್ರಿ?"

"ಸಿದ್ರಾಮಪ್ಪ, ಆಕಿ ಗಂಡ ಬದುಕ್ಯಾನ. ಗಂಡ ಇದ್ದಾಕಿಗೆ ಉಡಿಕಿ ಮಾಡಾಕ ಬರ್ತೈತೇನು? ಇನ್ನೊಮ್ಮೆ ಈ ಮಾತು ತಗೊಂಡು ಬರಬ್ಯಾಡ."

ಒಲೆಯ ಮೇಲಿನ ರೊಟ್ಟಿ ಕರಿಕಾಗುತ್ತಿತ್ತು. ಅತ್ತೆ ಅದನ್ನು ತಿರುವಿ ಹಾಕದೆ ಹಾಗೇ ನೋಡುತ್ತ ಕುಳಿತಿದ್ದಳು. ಅವ್ವ ಬಂದು ಹಂಚಿನಿಂದ ತೆಗೆದಳು.

ಅದಾದ ಮೇಲಿನ ಒಂದು ಬೇಸಿಗೆಯಲ್ಲಿ ಊರಿನ ಬಾವಿಗಳೆಲ್ಲ ಬತ್ತಿದವು. ಛಾವಣಿಯ ಬಾವಿಯ ಹೂಳು ತೆಗೆಸಬೇಕೆಂದು ತಹಸೀಲಿನಿಂದ ಹುಕುಂ ಬಂತು. ಅದರ ನೀರು ಉಪ್ಪು, ಸೋಡಾ ಮಾಡುವವನಿಗೆ ನೀರಿನ ರುಚಿ ಗೊತ್ತು, ತೆಗೆಸಿ ಏನೂ ಉಪಯೋಗವಿಲ್ಲ ಎಂದು ಅಪ್ಪ ಪಟೇಲರ ಮನೆಗೆ ಹೋಗಿ ಹೇಳಿಬಂದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಳುಗಳು ಬುಟ್ಟಿಯಲ್ಲಿ ಹೂಳು ಎಳೆಯತೊಡಗಿದರು. ಅಪ್ಪ ಮಷೀನಿನ ಮುಂದೆ ಕುಳಿತಿದ್ದರೂ ಅದನ್ನು ತಿರುಗಿಸುತ್ತಿರಲಿಲ್ಲ. ಒಂದು ಮಧ್ಯಾಹ್ನ ಹೂಳಿನ ಬುಟ್ಟಿಯಲ್ಲಿ ಮನುಷ್ಯನ ಎಲುಬು ಬಂತು. ಆಮೇಲೆ ತಲೆಬುರುಡೆ. ಎದೆಗೂಡಿನ ಎಲುಬುಗಳ ನಡುವೆ, ಕೆಸರು ಮೆತ್ತಿಕೊಂಡ ಒಂದು ತಗಡಿನ ಮುಚ್ಚಳ. ಬೇರೆ ಗುರುತು ಏನೂ ಇರಲಿಲ್ಲ. ಬಟ್ಟೆಬರೆ, ಕಾಲ ಜೋಡು ಎಲ್ಲ ಕೊಳೆತುಹೋಗಿತ್ತು.

ಸಂಜೆಗೆ ಅಮೀನ್ ಸಾಹೇಬರು ನಮ್ಮ ಮನೆಗೆ ಬಂದರು. ಠಾಣೆಯ ಈ ದೊಡ್ಡ ಅಧಿಕಾರಿ ವಯಸ್ಸಾದ, ನಿಧಾನದ ಮನುಷ್ಯ. ಉರ್ದು ಬೆರೆಸಿ ಕನ್ನಡ ಆಡುತ್ತಿದ್ದರು. ಜೊತೆಗೆ ಪಟೇಲರೂ ಇನ್ನಿಬ್ಬರು ಪಂಚರೂ ಇದ್ದರು. ಊರಿಗೆಲ್ಲ ಸೋಡಾದ ಕಸುಬಿನವನು ಅಪ್ಪ ಒಬ್ಬನೇ ಆದ್ದರಿಂದ ಅವನ ಹತ್ತಿರ ಬಂದಿದ್ದರು. ಸಾಹೇಬರು ಕರವಸ್ತ್ರ ಬಿಚ್ಚಿ ಮುಚ್ಚಳವನ್ನು ಪಡಸಾಲೆಯ ಕಟ್ಟೆಯ ಮೇಲಿಟ್ಟರು.

"ದೇಖೋ ಶರಣಪ್ಪ, ಇದು ಯಾವ ಜಮಾನಾದ್ದು? ಪಲ್ಟನ್ ಇದ್ದಾಗಿಂದೋ, ಈಗಿಂದೋ? ಪಲ್ಟನ್ ಕಾಲದ್ದಾದ್ರ ಆ ಎಲುಬೂ ಆಗಿಂದು. ಆ ಸಿಪಾಯಿದು ಅಂತ ಬರದು, ಲಾವಾರಿಸ್, ವಾರಸುದಾರರು ಯಾರೂ ಇಲ್ಲ ಅಂತ ಮಣ್ಣು ಮಾಡಿಸಿಬಿಡ್ತೀನಿ. ಈಗಿಂದಾದ್ರ ನಾ ತಪಾಸ್ ಮಾಡಬೇಕಾಗ್ತದ."

ಅಪ್ಪ ಮುಚ್ಚಳವನ್ನು ಬೆಳಕಿಗೆ ಹಿಡಿದ. ತುಕ್ಕು ತಿಂದು ಮೇಲಿನ ಬಣ್ಣ, ಅಕ್ಷರ ಏನೂ ಉಳಿದಿರಲಿಲ್ಲ. ಹೊರಗಿನಿಂದ ನೋಡಿದರೆ ಅದು ಎಷ್ಟು ಹಳೆಯದೆಂದರೂ ನಂಬುವಂತಿತ್ತು.

"ಪಲ್ಟನ್ ಕಾಲದ್ದು, ಸಾಹೇಬ್ರ. ಈಗ ಇಂಥಾವು ಬರಂಗಿಲ್ಲ."

"ಪಕ್ಕಾ?"

"ಪಕ್ಕಾ ರೀ. ಮೂವತ್ತು ನಲವತ್ತು ವರ್ಷ ಹಿಂದಿಂದು."

ಸಾಹೇಬರು ತಲೆಯಾಡಿಸಿ ಮುಚ್ಚಳವನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತತೊಡಗಿದರು. ಆಗ ಅತ್ತೆ ಅಡಿಗೆಮನೆಯ ಬಾಗಿಲಿನಿಂದ ಹೊರಗೆ ಬಂದಳು. ಸರ್ಕಾರಿ ಮಂದಿ ಕುಳಿತಲ್ಲಿ ನಮ್ಮ ಮನೆಯ ಹೆಣ್ಣುಮಕ್ಕಳು ಕಾಲಿಡುತ್ತಿರಲಿಲ್ಲ. ತಲೆಯ ಮೇಲೆ ಸೆರಗು ಹೊದ್ದು, ಅಣ್ಣನ ಎದುರು ನಿಂತಳು.

"ಅಣ್ಣ, ಒಳಗಿನ ಬೂಚು ನೋಡಿಯೇನು?"

"ಒಳಗ ನಡಿ, ಶಂಕ್ರಿ. ಗಂಡಸರು ಮಾತಾಡಾಕತ್ತೀವಿ."

"ನೋಡಿಯೋ ಇಲ್ಲೋ ಅಷ್ಟು ಹೇಳು."

ಅಮೀನ್ ಸಾಹೇಬರು ಅಪ್ಪನ ಮುಖ ನೋಡಿದರು, ಅತ್ತೆಯ ಮುಖ ನೋಡಿದರು, ಮುಚ್ಚಳವನ್ನು ಮತ್ತೆ ಕಟ್ಟೆಯ ಮೇಲಿಟ್ಟು, "ನೋಡಮ್ಮ" ಎಂದರು. ಅತ್ತೆ ನನ್ನ ಕಡೆ ತಿರುಗಿದಳು.

"ನೀಲಾ, ನಿನ್ನ ಡಬ್ಬಿ ತಗೊಂಡು ಬಾ. ಮುಂದಿನ ಕೋಣ್ಯಾಗ ರಾಯಚೂರ ಬಾಟ್ಲಿ ಅದಾವಲ್ಲ, ಅದರದೂ ಒಂದು ಮುಚ್ಚಳ ತಾ."

ಅಪ್ಪ ನನ್ನನ್ನು ನೋಡಿದ. ಬೇಡ ಎಂದು ಬಾಯಿ ಬಿಟ್ಟು ಹೇಳಲಿಲ್ಲ. ಆ ನೋಟದ ಅರ್ಥ ನನಗೆ ಆಗ ತಿಳಿಯಲಿಲ್ಲ. ತಿಳಿದಿದ್ದರೂ ಅತ್ತೆಯ ಮಾತು ಮೀರುತ್ತಿರಲಿಲ್ಲವೆಂದು ಅಂದುಕೊಂಡಿದ್ದೇನೆ. ಎರಡನ್ನೂ ತಂದುಕೊಟ್ಟೆ. ಅತ್ತೆ ಡಬ್ಬಿಯಿಂದ ಛಾವಣಿಯ ಒಂದು ಮುಚ್ಚಳ ಆರಿಸಿ, ಬಾವಿಯದರ ಒಂದು ಬದಿಗೆ ಅದನ್ನೂ ಇನ್ನೊಂದು ಬದಿಗೆ ರಾಯಚೂರಿನದನ್ನೂ ಬೋರಲು ಮಾಡದೆ, ಒಳಮೈ ಕಾಣುವ ಹಾಗೆ ಇಟ್ಟಳು. ಕೆರೆಯಲು ಅವಳಿಗೆ ಏನಾದರೂ ಬೇಕಿತ್ತು. ಅವ್ವ ಬಾಗಿಲಲ್ಲೇ ನಿಂತಿದ್ದಳು. ತನ್ನ ಕುಪ್ಪಸದ ಪಿನ್ನು ಬಿಚ್ಚಿ, ಅಪ್ಪನ ಮುಂದೆಯೇ ಹಾದುಬಂದು, ಅತ್ತೆಯ ಕೈಗೆ ಕೊಟ್ಟಳು.

ಅತ್ತೆ ಮೊದಲು ಛಾವಣಿಯ ಮುಚ್ಚಳವನ್ನು ಕೆರೆದಳು. ಮಣ್ಣು ಉದುರಿ ಬೂಚು ಕಂಡಿತು. ಅದು ಇಡಿಯಾಗಿ ಕೊಯ್ದ ಒಂದೇ ಹಾಳೆ. ಕಟ್ಟಿಗೆಯಲ್ಲಿರುವ ಹಾಗೆ ಉದ್ದಕ್ಕೂ ಗೆರೆಗಳಿದ್ದವು. ಆಮೇಲೆ ರಾಯಚೂರಿನದು. ಅದರ ಬೂಚು ಪುಡಿ ಮಾಡಿ ಅಂಟು ಹಾಕಿ ಒತ್ತಿದ್ದು. ಶೇಂಗಾ ಕುಟ್ಟಿ ಉಂಡೆ ಕಟ್ಟಿದ ಹಾಗೆ ಕಾಳು ಕಾಳಾಗಿ ಕಾಣುತ್ತಿತ್ತು. ಕೊನೆಗೆ ಬಾವಿಯ ಮುಚ್ಚಳಕ್ಕೆ ಪಿನ್ನು ಹಚ್ಚಿದಳು. ಒಣಗಿದ ಕೆಸರಿನ ಪದರ ಎದ್ದು ಬಂತು. ಕೆಳಗೆ ಕಾಳು ಕಾಳಾದ ಬೂಚು.

"ನೋಡ್ರಿ ಸಾಹೇಬ್ರ. ಪಲ್ಟನ್ ಕಾಲದ ಬೂಚು ಇಡೀದು ಇರ್ತಿತ್ತು. ಈ ಪುಡಿ ಬೂಚು ಮೊನ್ನೆ ಮೊನ್ನೆ ಬಂದದ್ದು. ಅಂಚಿನ ಹಲ್ಲೂ ನೋಡ್ರಿ, ಹಳೇದರಾಗ ಒತ್ತೊತ್ತಾಗಿ ಅದಾವು, ಇವೆರಡರಾಗ ಅಗಲ ಅದಾವು. ನಮ್ಮಣ್ಣಗ ಇದು ನನಗಿಂತ ಚೆಂದ ಗೊತ್ತೈತಿ."

ಅಮೀನ್ ಸಾಹೇಬರು ಕನ್ನಡಕ ಏರಿಸಿಕೊಂಡು ಬಗ್ಗಿ ಮೂರನ್ನೂ ನೋಡಿದರು. ಪಟೇಲರೂ ಬಗ್ಗಿದರು.

"ಸಚ್ ಐತಿ. ಇದು ಇತ್ತೀಚಿಂದು. ಆದ್ರ ಯಾರ್ದು ಅಂತ ಹೆಂಗ ಹೇಳೋದಮ್ಮ? ಸೋಡಾ ಎಲ್ಲರೂ ಕುಡೀತಾರ."

ಅತ್ತೆ ಪಿನ್ನಿನ ತುದಿಯನ್ನು ಬೂಚಿನ ಅಂಚಿಗೆ ತೂರಿಸಿ ನಿಧಾನವಾಗಿ ಎಬ್ಬಿಸಿದಳು. ಬೂಚು ಎರಡು ಹೋಳಾಗಿ ಬಂತು. ಅದಕ್ಕೂ ತಗಡಿಗೂ ನಡುವೆ ದುಂಡನೆಯ ಬಟ್ಟೆಯ ತುಣುಕು ಸಿಕ್ಕಿಕೊಂಡಿತ್ತು. ಅಂಚೆಲ್ಲ ಕರಗಿತ್ತು, ನಡುವೆ ಮಾತ್ರ ನೂಲು ಉಳಿದಿತ್ತು. ಬೆರಳಿಗೆ ಉಗುಳು ಹಚ್ಚಿ ಒರೆಸಿದಳು. ಕಪ್ಪಾದ ಬಿಳುಪಿನ ಮೇಲೆ ಒಂದು ನೀಲಿ ಗೆರೆ. ಅವಳು ಎದ್ದು ತನ್ನ ಕೋಣೆಗೆ ಹೋಗಿ ಮಾವ ಆ ಅಮಾವಾಸ್ಯೆಯ ದಿನ ತೊಟ್ಟಿದ್ದ ಅಂಗಿ ಹೊಲಿದು ಉಳಿದಿದ್ದ ಅರಿವೆಯ ತುಂಡನ್ನು ತಂದು ಪಕ್ಕದಲ್ಲಿಟ್ಟಳು. ಅದೇ ಗೆರೆ. ಯಾರಿಗೂ ಏನೂ ಬಿಡಿಸಿ ಹೇಳಬೇಕಾಗಲಿಲ್ಲ. ಮುಚ್ಚಳವನ್ನು ಹಾಗೆ ಎದೆಗೆ ಸಿಕ್ಕಿಸಿಕೊಂಡು ತಿರುಗುತ್ತಿದ್ದವನನ್ನು ಊರೆಲ್ಲ ಕಂಡಿತ್ತು.

"ಅಣ್ಣ, ಮುದಗಲ್ಲ ಹಾದ್ಯಾಗ ಅವನ್ನ ಕಂಡಾವರು ಯಾರು?"

ಅಪ್ಪ ಕುಳಿತುಕೊಂಡ. ಗದ್ದದ ಕಲೆಯನ್ನು ಉಜ್ಜಿಕೊಂಡ.

"ಯಾರೂ ಕಂಡಿಲ್ಲ. ಮುಂಜಾನೆ ಹುಡುಕಾಕ ಹೋದಾಗ ಬಾವಿ ದಂಡಿ ಮ್ಯಾಲ ಅವನ ಒಂದು ಕಾಲಿನ ಜೋಡು ಬಿದ್ದಿತ್ತು. ಬಗ್ಗಿ ನೋಡಿದೆ. ಕಂಡ. ಜೋಡನ್ನ ಒಳಗ ಒಗದು ಬಂದೆ."

"ಯಾಕ?"

"ನಾ ಕದಾ ಹಾಕಿದ್ದಕ್ಕ ಸತ್ತ ಅಂತ ನಿನಗ ಹೆಂಗ ಹೇಳ್ಲಿ, ಶಂಕ್ರಿ? ಗಂಡ ಎಲ್ಲೋ ಅದಾನ ಅಂತ ತಿಳಕೊಂಡಾರ ಇರ್ಲಿ, ಬಳಿ ಕುಂಕುಮ ಇಟಗೊಂಡು ಮನ್ಯಾಗ ಇರ್ಲಿ ಅಂದ್ಕೊಂಡೆ."

"ತುರ್ವಿಹಾಳದಾವ ಎರಡು ಸಲ ಬಂದು ಕೇಳಿ ಹೋದ. ಆಗರ ಹೇಳಬೇಕಾಗಿತ್ತು."

ಅಮೀನ್ ಸಾಹೇಬರು ಎದ್ದು ನಿಂತು, ಠಾಣೆಗೆ ನಡೆ ಎಂದು ಅಪ್ಪನಿಗೆ ಹೇಳಿದರು. ಅವ್ವ ಬಾಗಿಲ ಚೌಕಟ್ಟಿಗೆ ಒರಗಿಕೊಂಡಳು. ಅತ್ತೆ ಸಾಹೇಬರ ಎದುರು ಬಂದು, ಅದೇ ಸಣ್ಣ ದನಿಯಲ್ಲಿ ಹೇಳಿದಳು.

"ಸಾಹೇಬ್ರ, ನಮ್ಮಣ್ಣ ದೂಡಿಲ್ಲ. ಅಂದು ರಾತ್ರಿ ಅವ ಕದಾ ಬಿಟ್ಟು ಹೊರಗ ಹೋಗಿಲ್ಲ, ನಾ ನೋಡೀನಿ. ಕದಾ ಹಾಕ್ಯಾನ, ಅಷ್ಟ. ಕದಾ ಹಾಕಿದ್ದಕ್ಕ ಏನರ ಸಜಾ ಇದ್ರ ಕೊಡ್ರಿ."

ಅದಕ್ಕೆ ಸಜೆ ಇರಲಿಲ್ಲ. ಹೆಣ ಮುಚ್ಚಿಟ್ಟದ್ದಕ್ಕೆ ಅಪ್ಪನನ್ನು ಕೆಲವು ದಿನ ಠಾಣೆಯಲ್ಲಿ ಕೂರಿಸಿದರು. ಬುರುಡೆಯಲ್ಲಿ ಪೆಟ್ಟಿನ ಗುರುತು ಕಾಣಲಿಲ್ಲ, ಅತ್ತೆಯ ಸಾಕ್ಷಿಯೂ ಅವನ ಕಡೆಗಿತ್ತು, ಬಿಟ್ಟರು. ಅವನು ಬರುವ ಮೊದಲೇ ಎಲುಬುಗಳನ್ನು ಹೊಸ ಬಟ್ಟೆಯಲ್ಲಿ ಕಟ್ಟಿ, ಅಯ್ಯನವರನ್ನು ಕರೆಸಿ ಮಣ್ಣು ಮಾಡಿದ್ದಾಗಿತ್ತು. ಅತ್ತೆ ಅಪ್ಪನಿಗಾಗಿ ಕಾಯಲಿಲ್ಲ. ಮಣ್ಣಿನಿಂದ ಬಂದು ಹಿತ್ತಲಲ್ಲಿ ಬಾಟ್ಲಿ ತೊಳೆಯುವ ಕಲ್ಲಿನ ಮೇಲೆ ಕುಳಿತು, ಯುಗಾದಿಗೆ ಇಡಿಸಿದ ಬಳೆಗಳನ್ನು ತಾನೇ ಒಡೆದುಕೊಂಡಳು. ನೆರೆಯ ಹೆಂಗಸರು ಬಾಯಿಗೆ ಸೆರಗು ಹಿಡಿದು ಅತ್ತರು. ಅವಳು ಚೂರುಗಳನ್ನು ಗುಡಿಸಿ ಮೊರದಲ್ಲಿ ತುಂಬಿ ತಿಪ್ಪೆಗೆ ಹಾಕಿ ಬಂದಳು.

ಅವ್ವ ಗುಟ್ಟಾಗಿ ತುರ್ವಿಹಾಳಕ್ಕೆ ಹೇಳಿಕಳಿಸಿದ್ದಳು. ಕುಪ್ಪಸದ ಅರಿವೆ ಮಾರಲು ಬರುವ ಮುದುಕಿ ಉತ್ತರ ತಂದಳು. ಸಿದ್ರಾಮಪ್ಪ ಸಿಂಧನೂರು ಕಡೆಯ ಹೆಣ್ಣನ್ನು ಮಾಡಿಕೊಂಡಿದ್ದ, ಮನೆಯಲ್ಲಿ ಕೂಸೂ ಇತ್ತು. ಅವ್ವ ಅದನ್ನು ಅತ್ತೆಗೆ ಹೇಳುವಾಗ ಅವಳು ಜೋಳ ಹಸನು ಮಾಡುತ್ತಿದ್ದಳು.

"ಗಂಡೋ ಹೆಣ್ಣೋ?"

"ಗಂಡಂತ."

"ಚೊಲೊ ಆತು ಬಿಡು" ಎಂದು ಅತ್ತೆ ಮೊರದಲ್ಲಿದ್ದ ಹರಳು ಆರಿಸಿ ಎಸೆದಳು.

ಆಮೇಲೆ ಮೂರು ನಾಲ್ಕು ತಿಂಗಳು ನಾವೆಲ್ಲ ಒಂದೇ ಮನೆಯಲ್ಲಿದ್ದೆವು. ಅದರಷ್ಟು ಕಷ್ಟದ ಕಾಲ ನನ್ನ ಬಾಲ್ಯದಲ್ಲಿ ಇನ್ನೊಂದಿಲ್ಲ. ಅತ್ತೆ ರೊಟ್ಟಿ ಬಡಿಯುತ್ತಿದ್ದಳು, ಅಪ್ಪನಿಗೆ ಬಡಿಸುತ್ತಿರಲಿಲ್ಲ. ಅಪ್ಪ ಅವಳ ಕೋಣೆಯ ಕಡೆ ಬೆನ್ನು ಮಾಡಿ ಉಣ್ಣುತ್ತಿದ್ದ. ಏನಾದರೂ ಬೇಕಾದರೆ ಇಬ್ಬರೂ ನನ್ನ ಮೂಲಕ ಕೇಳುತ್ತಿದ್ದರು. ನಾನು ಮಾತು ಹೊತ್ತುಕೊಂಡು ಪಡಸಾಲೆಗೂ ಅಡಿಗೆಮನೆಗೂ ಓಡಾಡುತ್ತಿದ್ದೆ. ಒಬ್ಬರ ಮಾತಿನಲ್ಲಿ ಏನು ಬಿಡಬೇಕು, ಯಾವುದನ್ನು ಮೆತ್ತಗೆ ಮಾಡಿ ಮುಟ್ಟಿಸಬೇಕು ಎಂಬುದು ನನಗೆ ಆ ತಿಂಗಳುಗಳಲ್ಲಿ ಅಭ್ಯಾಸವಾಯಿತು. ಕೊನೆಗೆ ಮಸ್ಕಿಯ ಹತ್ತಿ ಬಿಡಿಸುವ ಜಿನ್ನಿನಲ್ಲಿ ಹೆಣ್ಣಾಳು ಬೇಕೆಂದು ಸುದ್ದಿ ಬಂತು. ಅತ್ತೆ ಒಂದು ಗಂಟು ಕಟ್ಟಿಕೊಂಡು ಹೋದಳು. ಹೋಗುವಾಗ ಅವ್ವನನ್ನು ತಬ್ಬಿಕೊಂಡಳು. ಅಪ್ಪ ಮುಂದಿನ ಕೋಣೆಯಲ್ಲಿದ್ದ. ಅವಳು ಹಿತ್ತಲಿನ ಬಾಗಿಲಿನಿಂದ ಹೋದಳು.

ನಿಜಾಮನ ರಾಜ್ಯ ಮುಗಿಯುವುದಕ್ಕೆ ಸ್ವಲ್ಪ ಮೊದಲು, ವಾಂತಿಭೇದಿಯ ಒಂದು ಬೇಸಿಗೆಯಲ್ಲಿ, ಅಪ್ಪ ಎರಡೇ ದಿನ ಮಲಗಿ ತೀರಿಕೊಂಡ. ಮಸ್ಕಿಗೆ ಸುದ್ದಿ ಮುಟ್ಟಿಸಿದೆವು. ಅತ್ತೆ ಹೇಳಿಕಳಿಸಿದ ಮಾತು ಇಷ್ಟೇ: "ಮಣ್ಣಿಗೆ ಬರ್ತೀನಿ, ಮನಿಗೆ ಬರಂಗಿಲ್ಲ." ಹಾಗೆಯೇ ಮಾಡಿದಳು. ಮೋಟಾರಿನಿಂದ ಇಳಿದು ನೇರವಾಗಿ ರುದ್ರಭೂಮಿಗೆ ಬಂದು, ಹೆಂಗಸರ ಹಿಂದೆ ನಿಂತು, ಎಲ್ಲ ಮುಗಿದ ಮೇಲೆ ಮೋಟಾರು ನಿಲ್ಲುವ ಕಡೆಗೆ ಹೊರಟಳು. ನೆರೆಮನೆಯವರು ನಮಗೆಂದು ಮನೆಗೆ ರೊಟ್ಟಿ ತಂದಿಟ್ಟಿದ್ದರು. ಗೋಡೆಗೆ ಮುಖ ಮಾಡಿ ಕುಳಿತಿದ್ದ ಅವ್ವ ತಿರುಗಿ ಒಂದೇ ಮಾತು ಹೇಳಿದಳು: "ಆಕಿ ಹಸಗೊಂಡು ಹೊಂಟಾಳ, ಕೊಟ್ಟು ಬಾ." ನಾನು ರೊಟ್ಟಿಯ ಗಂಟು ಹಿಡಿದು ಓಡಿದೆ. ಅತ್ತೆ ಬೇವಿನ ನೆರಳಲ್ಲಿ ಕುಳಿತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು, ಹುಬ್ಬಿನ ಮೇಲೆ ಹತ್ತಿಯ ದೂಳಿತ್ತು.

"ನಿಮ್ಮವ್ವ ಉಂಡಾಳೇನು?"

"ಇಲ್ಲ, ಅತ್ತಿ. ನಿನ್ನೆಯಿಂದ ನೀರೂ ಕುಡಿದಿಲ್ಲ."

ಮೋಟಾರು ಬಂದು ನಿಂತಿತು. ಮಂದಿ ಹತ್ತಿದರು. ಅತ್ತೆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೇ ಇದ್ದಳು. ಮೋಟಾರು ದೂಳೆಬ್ಬಿಸಿಕೊಂಡು ಹೋಯಿತು. ಆಮೇಲೆ ಎದ್ದು, "ನಡಿ" ಎಂದು ನನಗಿಂತ ಮುಂದಾಗಿ ನಮ್ಮ ಓಣಿಯ ಕಡೆಗೆ ನಡೆದಳು. ಕದ ತೆರೆದೇ ಇತ್ತು. ಒಳಗೆ ಹೋಗಿ ಅವ್ವನ ಎದುರು ಕುಳಿತು, ರೊಟ್ಟಿ ಮುರಿದು ಪಲ್ಯ ಹಚ್ಚಿ ಅವಳ ಬಾಯಿಯ ಹತ್ತಿರ ಹಿಡಿದಳು.

"ಬಾಯಿ ತಗಿ, ಅತ್ತಿಗಿ."

ಅವ್ವ ಬಾಯಿ ತೆರೆದಳು.